ಮಳೆನೀರು ಹಿಡಿದವರ ನಳ ಬಂದ್ ಮಾಡಿ ಸನ್ಮಾನಿಸುವ ಕುರಿತು

ಮಳೆ ಮತ್ತು ತತ್ಸಂಬಂಧಿತ ನೀರಿನ ಶಾಖೆ
(ಹುಬ್ಬಳ್ಳಿ-ಧಾರವಾಡ ಅವಳಿ ನಗರ ವಿಭಾಗ)

ಸಂಖ್ಯೆ: ಮತನೀಶಾ/ಹುಧಾ/ಸೂರು/ಸ್ವಾವಲಂಬನೆ/2025-26
ದಿನಾಂಕ: 27-06-2025

ಸುತ್ತೋಲೆ

ವಿಷಯ: ಮನೆಯ ಛಾವಣಿಯ ಮೇಲೆ ಬೀಳುವ ಮಳೆನೀರನ್ನು ಸಂಗ್ರಹಿಸುವ ನಾಗರಿಕರಿಗೆ ಪ್ರೋತ್ಸಾಹ ನೀಡುವ ಬಗ್ಗೆ, ಪ್ರೋತ್ಸಾಹ ಬೇಡವೆಂದವರಿಗೂ ಬಿಡದೆ ನೀಡುವ ಬಗ್ಗೆ, ಹಾಗೂ ಬೈರಿದೇವರಕೊಪ್ಪದ ಒಂದು ನೀಲಿ ಬ್ಯಾರಲ್ಲಿನ ಬಗ್ಗೆ.

ಓದಲಾಗಿದೆ:
1. ಇದೇ ವಿಷಯದ ಮೇಲೆ ಶಾಖೆಯು ಹೊರಡಿಸಿದ ಹಿಂದಿನ ಸುತ್ತೋಲೆ (ಶಾಖೆಯ ಹೊರತು ಬೇರೆ ಯಾರೂ ಓದಿಲ್ಲವೆಂದು ಕಂಡುಬಂದಿದೆ).
2. ಕ್ಷೇತ್ರ ಪರಿವೀಕ್ಷಕ ಶ್ರೀ ಅಮರೇಶ ಅವರ ಬೇಸಿಗೆ ವರದಿ ಹಾಗೂ ಮಳೆಗಾಲದ ವರದಿ.
3. ಬೈರಿದೇವರಕೊಪ್ಪದ ಶ್ರೀಮತಿ ದ್ರಾಕ್ಷಾಯಿಣಿ ಸಾಲಿಮಠ ಅವರ ತಕರಾರು ಅರ್ಜಿ, ಮತ್ತೊಂದು ತಕರಾರು ಅರ್ಜಿ, ಮತ್ತು ಅವರು ಖುದ್ದಾಗಿ ಬಂದು ಕೌಂಟರಿನ ಮುಂದೆ ನಿಂತು ಆಡಿದ ಮಾತು.
4. ಸದರಿಯವರ ಓಣಿಯಲ್ಲಿ ಮೊನ್ನೆ ಸಂಜೆ ಪೂರ್ವಾನುಮತಿ ಇಲ್ಲದೆ ಬಿದ್ದ ಮಳೆ.

ಪ್ರಸ್ತಾವನೆ

ಅವಳಿ ನಗರದಲ್ಲಿ ನಳದ ನೀರು ವಾರಕ್ಕೊಮ್ಮೆ ಮಾತ್ರ ಬರುತ್ತದೆ ಎಂದು ನಾಗರಿಕರು ಪದೇ ಪದೇ ದೂರುತ್ತಿದ್ದು, ಈ ಆರೋಪವನ್ನು ಶಾಖೆಯು ಸಾರಾಸಗಟಾಗಿ ನಿರಾಕರಿಸುತ್ತದೆ. ಕೆಲವು ವಾರ ಅದೂ ಬರುವುದಿಲ್ಲ. ಹೀಗಿರುವಲ್ಲಿ, ರಸ್ತೆ ಅಗೆಯದೆ, ಪೈಪು ಹಾಕದೆ, ಟೆಂಡರ್ ಕರೆಯದೆ ತಾನಾಗಿಯೇ ಮೇಲಿನಿಂದ ಬೀಳುವ ನೀರನ್ನು ಜನರು ತಮ್ಮ ಮನೆಯಲ್ಲಿಯೇ ಹಿಡಿದಿಟ್ಟುಕೊಂಡರೆ ಶಾಖೆಯ ತಲೆನೋವು ಕಡಿಮೆಯಾಗುವುದೆಂದು ಮನಗಂಡು 'ಮನೆಮನೆಗೆ ಮಳೆ' ಎಂಬ ಯೋಜನೆಯನ್ನು ಜಾರಿಗೊಳಿಸಲಾಗಿರುತ್ತದೆ. ಯೋಜನೆಗೆ ಮುಂಚೆಯೂ ಮಳೆ ಮನೆಮನೆಗೆ ಬೀಳುತ್ತಲೇ ಇತ್ತು ಎಂಬ ಕೆಲವರ ಕುಹಕವು ಶಾಖೆಯ ಕಿವಿಗೆ ಬಿದ್ದಿದೆ. ಬೀಳುತ್ತಿತ್ತು, ನಿಜ. ಆದರೆ ಆಗ ಅದಕ್ಕೆ ಉದ್ಘಾಟನೆ ಆಗಿರಲಿಲ್ಲ.

ಯೋಜನೆಯನ್ವಯ, ಮಳೆನೀರು ಸಂಗ್ರಹಿಸುವ ಕುಟುಂಬವನ್ನು 'ಜಲ ಸ್ವಾವಲಂಬಿ' ಎಂದು ಘೋಷಿಸಿ, ಮನೆಯ ಹಿರಿಯರಿಗೆ ಶಾಲು ಹೊದಿಸಿ, ಬಾಗಿಲಿಗೆ ಹಸಿರು ಫಲಕ ಬಡಿಯಲಾಗುತ್ತದೆ. ತರುವಾಯ, ಸ್ವಾವಲಂಬಿಗಳಿಗೆ ನಳದ ನೀರಿನ ಅಗತ್ಯ ಇರುವುದಿಲ್ಲವಾದ್ದರಿಂದ, ಅವರ ನಳವನ್ನು ಬಂದ್ ಮಾಡಲಾಗುತ್ತದೆ. ಇಷ್ಟು ಸರಳವಾದ, ಇಷ್ಟು ಸುಂದರವಾದ ಯೋಜನೆಯ ವಿರುದ್ಧ ಸದರಿ ದ್ರಾಕ್ಷಾಯಿಣಿ ಅವರು, ತಮಗೆ ಸನ್ಮಾನವಾಗಿದೆ ಎಂದು ತಕರಾರು ಸಲ್ಲಿಸಿರುತ್ತಾರೆ. ಅಷ್ಟಕ್ಕೇ ಬಿಡದೆ, ಹೊದಿಸಿದ ಶಾಲನ್ನು ಮಡಿಚಿ ತಂದು ಕೌಂಟರಿನ ಮೇಲೆ ಇಟ್ಟು, "ಶಾಲ ನೀವ ಹೊತ್ಕೊಳ್ರಿ, ನನ್ನ ನಳಾ ನನಗ ಕೊಡ್ರಿ" ಎಂದಿರುತ್ತಾರೆ. ಸನ್ಮಾನ ಹಿಂದಿರುಗಿಸುವ ಪದ್ಧತಿಯು ಸಾಹಿತಿಗಳಲ್ಲಿ ಇದೆಯೇ ಹೊರತು ನಳದ ಗ್ರಾಹಕರಲ್ಲಿ ಇದ್ದ ಬಗ್ಗೆ ಶಾಖೆಯಲ್ಲಿ ದಾಖಲೆ ಇಲ್ಲ.

ಇಂತಹ ಅಚಾತುರ್ಯ ಮರುಕಳಿಸದಿರಲೆಂದು, ಎಲ್ಲ ಸಿಬ್ಬಂದಿ, ಎಲ್ಲ ನಾಗರಿಕರು ಹಾಗೂ ಎಲ್ಲ ಮೋಡಗಳ ತಿಳಿವಳಿಕೆಗಾಗಿ ಈ ಕೆಳಗಿನಂತೆ ನಿಯಮಗಳನ್ನು ವಿಧಿಸಲಾಗಿದೆ.

1. ಮಳೆ ಎಂದರೇನು.

ಈ ಸುತ್ತೋಲೆಯ ಮಟ್ಟಿಗೆ 'ಮಳೆ' ಎಂದರೆ ಆಕಾಶದಿಂದ ಬಿದ್ದು ಶಾಖೆಯ ಗಮನಕ್ಕೆ ಬಂದ ನೀರು. ಭಾನುವಾರ, ಎರಡನೆಯ ಶನಿವಾರ ಹಾಗೂ ಇತರೆ ಸಾರ್ವತ್ರಿಕ ರಜಾದಿನಗಳಲ್ಲಿ ಬಿದ್ದ ನೀರನ್ನು ಮಳೆಯೆಂದು ಪರಿಗಣಿಸಲು ಬರುವುದಿಲ್ಲ. ಅದು ಬರೀ ಒದ್ದೆ. ಆಲಿಕಲ್ಲು ಬಿದ್ದಲ್ಲಿ ಅದು ಕರಗುವವರೆಗೆ ಯಾವುದೇ ನಿರ್ಧಾರಕ್ಕೆ ಬರತಕ್ಕದ್ದಲ್ಲ. ಧಾರವಾಡದಲ್ಲಿ ಬಿದ್ದ ಜಿಟಿಜಿಟಿ ಮಳೆಯನ್ನು ಹುಬ್ಬಳ್ಳಿಯವರು ತಮ್ಮ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮೋಡ ಮೂಲತಃ ಹುಬ್ಬಳ್ಳಿಯದೇ ಆಗಿತ್ತು ಎಂಬ ವಾದವನ್ನು ಈ ಕಚೇರಿಯಲ್ಲಿ ಕೇಳಲಾಗುವುದಿಲ್ಲ. ಧಾರವಾಡದ ಕಚೇರಿಯಲ್ಲಿ ಕೇಳಿದ್ದಾರೆ, ಇನ್ನೂ ಕೇಳುತ್ತಲೇ ಇದ್ದಾರೆ.

2. ಮೊದಲ ಮಳೆ.

ಛಾವಣಿಯ ಧೂಳು, ಕಸ, ಪಾರಿವಾಳದ ಹಿಕ್ಕೆ ತೊಳೆದುಹೋಗಲೆಂದು ವರ್ಷದ ಮೊದಲ ಮಳೆಯ ನೀರನ್ನು ಹಿಡಿಯದೆ ಬಿಡತಕ್ಕದ್ದು. ಬಿದ್ದ ಮಳೆಗಳಲ್ಲಿ ಮೊದಲನೆಯದು ಯಾವುದು ಎಂಬುದನ್ನು ಶಾಖೆಯು ಕೂಲಂಕಷವಾಗಿ ಪರಿಶೀಲಿಸಿ, ಮಳೆಗಾಲ ಮುಗಿದ ನಂತರ ಪ್ರಕಟಿಸುತ್ತದೆ. ಅಲ್ಲಿಯವರೆಗೆ ಬೀಳುವ ಪ್ರತಿಯೊಂದು ಮಳೆಯನ್ನೂ ಮೊದಲ ಮಳೆಯೆಂದು ಭಾವಿಸಿ ಬಿಡುತ್ತಿರತಕ್ಕದ್ದು.

3. ಛಾವಣಿಯ ಮೇಲಿನ ವಸ್ತುಗಳು.

ಛಾವಣಿಯ ಮೇಲೆ ಹಪ್ಪಳ, ಸಂಡಿಗೆ, ಶ್ಯಾವಿಗೆ ಅಥವಾ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ ಸಂದರ್ಭದಲ್ಲಿ ಮಳೆ ಬಂದಲ್ಲಿ, ಇಳಿದು ಬಂದ ನೀರು ನೀರೋ ಸಾರೋ ಎಂಬ ಪ್ರಶ್ನೆ ಉದ್ಭವಿಸುತ್ತದೆ. ಸಾರು ಎಂದಾದಲ್ಲಿ ವಿಷಯವು ಆಹಾರಕ್ಕೆ ಸಂಬಂಧಿಸಿದ ಬೇರೆ ಕಚೇರಿಗೆ ಹೋಗುತ್ತದೆ. ನೀರು ಎಂದಾದಲ್ಲಿ ಖಾರ ಏಕಿದೆ ಎಂದು ಅರ್ಜಿದಾರರು ಲಿಖಿತ ಸಮಜಾಯಿಷಿ ನೀಡತಕ್ಕದ್ದು. ಇದೇ ಕಾರಣಕ್ಕೆ ಎದ್ದುಬಿದ್ದು ಮಾಳಿಗೆ ಹತ್ತಿ ಸಂಡಿಗೆ ಬಾಚಿಕೊಳ್ಳುವ ಅವಸರದಲ್ಲಿ ಮಳೆನೀರಿಗೆ ಪಾತ್ರೆ ಇಡಲು ಮರೆತೆವು ಎಂಬ ಸಬೂಬನ್ನು ವರ್ಷಕ್ಕೊಮ್ಮೆ ಮಾತ್ರ ಅಂಗೀಕರಿಸಲಾಗುವುದು.

4. ಪರಿವೀಕ್ಷಣೆಯ ಕಾಲ.

ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ನಿಲ್ಲುವುದರಿಂದ ಸಿಬ್ಬಂದಿಯ ಓಡಾಟಕ್ಕೆ ಅನಾನುಕೂಲವಾಗುತ್ತದೆ. ಕಾರಣ, ಮಳೆನೀರು ಸಂಗ್ರಹದ ಪರಿವೀಕ್ಷಣೆಯನ್ನು ಪ್ರತಿವರ್ಷ ಕಡು ಬೇಸಿಗೆಯಲ್ಲಿ ಕೈಗೊಳ್ಳಲಾಗುತ್ತದೆ. ಆ ದಿನ ಛಾವಣಿಯಿಂದ ನೀರು ಇಳಿಯುವುದನ್ನು ಪರಿವೀಕ್ಷಕರ ಸಮಕ್ಷಮ ತೋರಿಸುವುದು ಅರ್ಜಿದಾರರ ಹೊಣೆ. ಕಳೆದ ಬೇಸಿಗೆಯಲ್ಲಿ ಒಬ್ಬ ಉತ್ಸಾಹಿ ನಾಗರಿಕರು ಟ್ಯಾಂಕರ್ ತರಿಸಿ, ಛಾವಣಿಯ ಮೇಲೆ ನೀರು ಹೊಡೆಸಿ, ಕೆಳಗೆ ಒಂದು ಬ್ಯಾರಲ್ ತುಂಬಿಸಿ ತೋರಿಸಿದ್ದು, ಟ್ಯಾಂಕರಿನ ಉಳಿದ ನೀರು ಗಟಾರಕ್ಕೆ ಹರಿದಿರುತ್ತದೆ. ನೀರಿನ ಬಗ್ಗೆ ಇಂತಹ ಕಾಳಜಿ ಉಳ್ಳವರು ನಗರಕ್ಕೆ ಮಾದರಿಯಾಗಿದ್ದು, ಅವರಿಗೆ ಎರಡು ಶಾಲು ಹೊದಿಸಲಾಗಿದೆ.

5. ಬೈರಿದೇವರಕೊಪ್ಪದ ನೀಲಿ ಬ್ಯಾರಲ್.

ಈ ವರ್ಷದ ಬೇಸಿಗೆ ಪರಿವೀಕ್ಷಣೆಗೆ ಶ್ರೀ ಅಮರೇಶ ಅವರು ಬೈರಿದೇವರಕೊಪ್ಪದ ಸದರಿ ಓಣಿಗೆ ಭೇಟಿ ನೀಡಿದ ದಿನವೇ, ಯಾರ ತಪ್ಪಿನಿಂದಲೋ, ನಳಕ್ಕೆ ನೀರು ಬಂದಿರುತ್ತದೆ. ನೀರು ಬಂದ ದಿನ ಓಣಿ ಹೇಗಿರುತ್ತದೆ ಎಂದು ಈ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಡ, ಹಂಡೆ, ಬಕೆಟ್, ಕುಕ್ಕರ್, ಒಟ್ಟಿನಲ್ಲಿ ತಳ ಇರುವ ವಸ್ತುಗಳೆಲ್ಲ ಹೊರಗೆ ಬರುತ್ತವೆ. ದ್ರಾಕ್ಷಾಯಿಣಿ ಅವರ ಬ್ಯಾರಲ್ಲು ಅಂಗಳದಲ್ಲಿ, ಮಳೆನೀರು ಹರಿದು ಇಳಿಯಲೆಂದು ಮಾಡಿನ ಅಂಚಿಗೆ ಕಟ್ಟಿದ ತಗಡಿನ ದೋಣಿಯ ನೇರ ಕೆಳಗೆ ನಿಂತಿರುತ್ತದೆ. ಮಳೆಗಾಲದಲ್ಲಿ ಅದರೊಳಗೆ ಮೇಲಿನಿಂದ ಮಳೆನೀರು ಬೀಳುತ್ತದೆ, ಉಳಿದ ಕಾಲದಲ್ಲಿ ನಳದ ಪೈಪನ್ನು ಅದರೊಳಗೆ ಬಿಡುತ್ತಾರೆ. ಪರಿವೀಕ್ಷಕರು ಹೋಗುವಷ್ಟರಲ್ಲಿ ಬ್ಯಾರಲ್ಲು ಕಂಠಮಟ್ಟ ತುಂಬಿ, ಪೈಪನ್ನು ಸುತ್ತಿ ಒಳಗಿಟ್ಟಾಗಿತ್ತು. ಮೇಲೆ ದೋಣಿ, ಕೆಳಗೆ ತುಂಬಿದ ಬ್ಯಾರಲ್ಲು. ಸುಡು ಬಿಸಿಲಿನಲ್ಲಿ ಮಳೆನೀರು ತುಳುಕುವುದನ್ನು ಕೇಳಿ ಶಾಖೆಗೆ ಆದ ಆನಂದ ಅಷ್ಟಿಷ್ಟಲ್ಲ.

ಆ ಸಮಯದಲ್ಲಿ ಸದರಿಯವರು, "ಇದು ನಳದ ನೀರ್ರಿ ತಮ್ಮಾ. ಈ ಬಿಸಲಾಗ ಮಳಿ ಎಲ್ಲಿಂದ ಬರಬೇಕ್ರಿ?" ಎಂದು ಹೇಳಿದ್ದು ನಿಜ. ಆದರೆ ಅದು ಮಳೆನೀರಿನ ಪರಿವೀಕ್ಷಣೆಯಾಗಿದ್ದು, ಅದರಲ್ಲಿ ನಳದ ನೀರಿನ ಮಾತು ಅಪ್ರಸ್ತುತ. ಹಾಗಾಗಿ ಕೈಬಿಡಲಾಗಿದೆ.

6. ತೊಗರಿಬೇಳೆಯ ಸಾಕ್ಷ್ಯ.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಸದರಿಯವರು ಬಚಾವಾಗುತ್ತಿದ್ದರೋ ಏನೋ. ಆದರೆ ಪರಿವೀಕ್ಷಕರಿಗೆ ಕುಡಿಯಲು ಚಹಾ ಕೊಟ್ಟು, ಮಾತಿಗೆ ಮಾತು ಬಂದು, "ಮಳಿ ಬಂದ್ರ ಮಳಿ ನೀರೂ ಹಿಡಿತೇನ್ರಿ, ಬ್ಯಾಳಿ ಬೇಯಸಾಕ. ಬೋರಿನ ನೀರಾಗ ಬ್ಯಾಳಿ ಎಷ್ಟ ಕುದಿಸಿದ್ರೂ ಹಂಗ ಕಟಕಟ ಅಂತೈತಿ, ಮಳಿ ನೀರಾಗ ಬೆಣ್ಣಿ ಆಗ್ತೈತಿ ನೋಡ್ರಿ" ಎಂದು ಹೆಮ್ಮೆಯಿಂದ ಹೇಳಿಕೊಂಡಿರುತ್ತಾರೆ. ಇದನ್ನು ತಪ್ಪೊಪ್ಪಿಗೆ ಎಂದು ಪರಿಗಣಿಸಿ ಕುಟುಂಬವನ್ನು ಜಲ ಸ್ವಾವಲಂಬಿ ಎಂದು ಘೋಷಿಸಲಾಗಿದೆ. ಬೇಳೆ ಬೆಂದಿದೆಯೇ ಇಲ್ಲವೇ ಎಂಬುದನ್ನು ಶಾಖೆಯು ಖುದ್ದಾಗಿ ಪರಿಶೀಲಿಸಬೇಕಾಗಿದ್ದು, ಊಟದ ಸಮಯ ತಪ್ಪಿದ್ದರಿಂದ ಸಾಧ್ಯವಾಗಿರುವುದಿಲ್ಲ.

7. ಈ ಕಂಡಿಕೆಯನ್ನು ಹಿಂಪಡೆಯಲಾಗಿದೆ. ಆದಾಗ್ಯೂ ಎಲ್ಲರೂ ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು.

8. ಪಕ್ಕದ ಮನೆ.

ದ್ರಾಕ್ಷಾಯಿಣಿ ಅವರ ಮನೆಗೆ ಒಂದೇ ಗೋಡೆಯ ಅಂತರದಲ್ಲಿರುವ ಶ್ರೀಮತಿ ದಾವಲಬಿ ಅವರ ಮನೆಯಲ್ಲಿಯೂ ಅಂತಹದೇ ದೋಣಿ, ಅಂತಹದೇ ಬ್ಯಾರಲ್ಲು ಇದ್ದು, ಅವರು ಮಾತ್ರ ಸನ್ಮಾನದಿಂದ ಪಾರಾಗಿರುತ್ತಾರೆ. ಕಾರಣ ಇಷ್ಟೇ. ಹೊಸ ನೀರು ಬಂದೊಡನೆ ಹಿಂದಿನ ವಾರದ ನೀರು 'ಹಳೇ ನೀರು' ಎನಿಸಿಕೊಂಡು ಅಂಗಳಕ್ಕೆ ಚೆಲ್ಲಲ್ಪಡುವ ಪದ್ಧತಿಯು ಈ ಊರಿನಲ್ಲಿ ಮೊದಲಿನಿಂದ ಇದ್ದು, ಪರಿವೀಕ್ಷಕರು ಇಣುಕಿದಾಗ ದಾವಲಬಿ ಅವರು ಹಳೇ ನೀರು ಚೆಲ್ಲಿ, ಖಾಲಿ ಬ್ಯಾರಲ್ಲಿನೊಳಗೆ ತಲೆ ಹಾಕಿ ತಳ ತಿಕ್ಕುತ್ತಿದ್ದರು. ಖಾಲಿ ಬ್ಯಾರಲ್ಲು ಪರಾವಲಂಬನೆಯ ಲಕ್ಷಣ. ಆದ್ದರಿಂದ ಅವರ ನಳವನ್ನು ಮುಂದುವರಿಸಲಾಯಿತು. ವಾರವಿಡೀ ನೀರಿಲ್ಲ ನೀರಿಲ್ಲ ಎಂದು ಕೂಗಿ, ನೀರು ಬಂದ ದಿನ ಅರ್ಧ ಬ್ಯಾರಲ್ಲು ಅಂಗಳಕ್ಕೆ ಚೆಲ್ಲುವುದು ಎಲ್ಲಿಯ ಬುದ್ಧಿವಂತಿಕೆ ಎಂದು ಶಾಖೆಯು ಗದರಿಸಿ ಕೇಳಬೇಕೆಂದಿತ್ತು. ಸಿಬ್ಬಂದಿಯ ಮನೆಗಳಲ್ಲಿಯೂ ಅದೇ ನಡೆಯುತ್ತದೆ ಎಂದು ತಿಳಿದುಬಂದ ಮೇಲೆ ಕೇಳಿರುವುದಿಲ್ಲ.

9. ಕೂಸು.

ಸನ್ಮಾನದ ಮರುದಿನವೇ ವಾಲ್ವ್‌ಮನ್ ಅಹಮದಸಾಬ ಅವರನ್ನು ಕಳುಹಿಸಿ ದ್ರಾಕ್ಷಾಯಿಣಿ ಅವರ ನಳವನ್ನು ಬಂದ್ ಮಾಡಿಸಲಾಗಿದೆ. ಈ ಮಧ್ಯೆ, ಶಾಖೆಗೆ ಯಾವುದೇ ಮುನ್ಸೂಚನೆ ನೀಡದೆ, ಸದರಿಯವರ ಮಗಳು ಋತುಜಾ ಎಂಬುವರು ಹೆರಿಗೆಗೆಂದು ತವರುಮನೆಗೆ ಬಂದಿದ್ದು, ಹೆಣ್ಣು ಕೂಸು ಹುಟ್ಟಿರುತ್ತದೆ. ಕೂಸಿಗೆ ಎಣ್ಣೆ ಹಚ್ಚಿ, ಅಜ್ಜಿಯಾದವರು ಕಾಲು ಚಾಚಿ ಕುಳಿತು, ಕಾಲ ಮೇಲೆ ಬೋರಲು ಹಾಕಿಕೊಂಡು ಬಿಸಿನೀರು ಎರೆಯುವ ಪದ್ಧತಿ ಇದ್ದು, ಇದು ಪ್ರತಿನಿತ್ಯ ನಡೆಯಬೇಕು ಎಂದು ಅರ್ಜಿಯಲ್ಲಿ ಹೇಳಲಾಗಿದೆ. ಪ್ರತಿನಿತ್ಯ ಏಕೆ ಎಂದು ಶಾಖೆಯು ಸ್ಪಷ್ಟೀಕರಣ ಕೇಳಿದೆ. ಕೂಸು ಎಲ್ಲಿಗೂ ಹೋಗಿ ಬಂದಿರುವುದಿಲ್ಲ.

ಬಾಣಂತಿಯ ಗಂಡನ ಮನೆ ಉಪ್ಪಿನಬೆಟಗೇರಿಯಲ್ಲಿದ್ದು, ಆಕೆಯ ಪಾಲಿನ ನೀರು ಹಾಗೂ ತತ್ಪರಿಣಾಮವಾಗಿ ಕೂಸಿನ ಪಾಲಿನ ನೀರು ಅಲ್ಲಿಯೇ ಇದೆ. ಇದನ್ನು ತಾಳ್ಮೆಯಿಂದ ತಿಳಿಸಿ ಹೇಳಿದಾಗ ದ್ರಾಕ್ಷಾಯಿಣಿ ಅವರು ಕೌಂಟರಿನಲ್ಲಿ ಎತ್ತರದ ದನಿಯಲ್ಲಿ, "ಉಪ್ಪಿನಬೆಟಗೇರಿ ನೀರ ಇಲ್ಲಿಗೆ ಹೆಂಗ ತರ್ಲಿರಿ, ಉಡ್ಯಾಗ ಕಟ್ಕೊಂಡ ಬರ್ಲೇನ್ರಿ? ಓಣಿ ತುದಿ ಬೋರಿನ ನೀರ ಹೊತ್ತ ಹೊತ್ತ ನನ್ನ ಸೊಂಟಾ ಬಿದ್ದೈತಿ. ಆ ಸವಳ ನೀರ ಎರದ ಕೂಸಿನ ಮೈ ಬಿರಕ ಬಿಟ್ಟೈತ್ರಿ. ರಾತ್ರಿ ಹಗಲಿ ಅಳತೈತಿ. ನಿಮ್ಮ ಮನ್ಯಾಗ ಕೂಸ ಇಲ್ಲೇನ್ರಿ?" ಎಂದಿರುತ್ತಾರೆ. ಸಿಬ್ಬಂದಿಯ ಮನೆಯಲ್ಲಿನ ಕೂಸುಗಳ ವಿವರವು ವೈಯಕ್ತಿಕ ಮಾಹಿತಿಯಾಗಿದ್ದು ಒದಗಿಸಲು ಬರುವುದಿಲ್ಲ ಎಂದು ಸದರಿಯವರಿಗೆ ಹಿಂಬರಹ ನೀಡಲಾಗಿದೆ.

ಹಿಡಿದಿಟ್ಟ ಮಳೆನೀರನ್ನೇ ಎರೆಯಬಹುದಲ್ಲ ಎಂದು ಶಾಖೆಯು ಸಲಹೆ ನೀಡಿದ್ದು, ಈ ಬೇಸಿಗೆಯಲ್ಲಿ ಹಿಡಿಯಲು ಮಳೆಯೇ ಬಂದಿರಲಿಲ್ಲ ಎಂಬ ಉತ್ತರ ಬಂದಿದೆ. ಮಳೆ ತರಿಸುವುದು ಈ ಶಾಖೆಯ ಕೆಲಸವಲ್ಲ. ಅದನ್ನು ಶಾಖೆಯ ಹೆಸರು ಓದಿದವರು ತಪ್ಪಾಗಿ ತಿಳಿಯುವ ಸಂಭವವಿದೆ.

10. ಸ್ವಾವಲಂಬನೆಯಿಂದ ಬಿಡುಗಡೆ.

ಸ್ವಾವಲಂಬನೆ ಬೇಡವೆನ್ನುವ ಕುಟುಂಬಗಳಿಗೂ ಒಂದು ದಾರಿ ಇರಲೆಂಬ ಉದಾರ ದೃಷ್ಟಿಯಿಂದ, ತಾವು ಮಳೆನೀರನ್ನು ಹಿಡಿಯುವುದಿಲ್ಲ ಎಂದು ರುಜುವಾತುಪಡಿಸಿದವರಿಗೆ ನಳವನ್ನು ಮರಳಿ ನೀಡಲು ತೀರ್ಮಾನಿಸಲಾಗಿದೆ. ರುಜುವಾತು ಹೇಗೆಂದರೆ:

(ಅ) ಮಳೆ ಸುರಿಯುತ್ತಿರುವಾಗ ಬ್ಯಾರಲ್ಲನ್ನು ಅಂಗಳದಲ್ಲಿ ಬೋರಲು ಹಾಕಿರತಕ್ಕದ್ದು.

(ಆ) ದೋಣಿಯ ಬಾಯಿಯನ್ನು ಗಟಾರದ ಕಡೆಗೆ ತಿರುಗಿಸಿರತಕ್ಕದ್ದು. ನೀರು ಗಟಾರವನ್ನೇ ಸೇರಿತು ಎಂಬುದನ್ನು ಪರಿವೀಕ್ಷಕರು ಗಟಾರದ ಅಂಚಿನಲ್ಲಿ ನಿಂತು ದೃಢೀಕರಿಸತಕ್ಕದ್ದು.

(ಇ) ಮನೆಯವರು ಕೈ ಒಡ್ಡಿ ಮಳೆಹನಿ ಹಿಡಿಯುವುದು, ನಾಲಿಗೆ ಚಾಚುವುದು, ತಲೆಗೂದಲನ್ನು ಹಿಂಡಿ ಪಾತ್ರೆಗೆ ಬಿಡುವುದು ಇತ್ಯಾದಿ ಕೃತ್ಯಗಳಲ್ಲಿ ತೊಡಗತಕ್ಕದ್ದಲ್ಲ. ಒದ್ದೆಯಾದ ಸೀರೆಯನ್ನು ಬಚ್ಚಲಲ್ಲಿ ಹಿಂಡಿದಲ್ಲಿ ಅದು ಸಂಗ್ರಹ. ರಸ್ತೆಯಲ್ಲಿ ಹಿಂಡಿದಲ್ಲಿ ಮಾತ್ರ ವಿಸರ್ಜನೆ.

(ಈ) ಎಮ್ಮೆಯು ಮಳೆಯಲ್ಲಿ ನಿಂತಿದ್ದರೆ ಎಮ್ಮೆಯ ಬೆನ್ನನ್ನು ಛಾವಣಿ ಎಂದು ಪರಿಗಣಿಸಬೇಕೇ ಎಂಬುದರ ಬಗ್ಗೆ ಅಭಿಪ್ರಾಯ ಕೋರಲಾಗಿದ್ದು, ಬಂದ ನಂತರ ತಿಳಿಸಲಾಗುವುದು. ಅಲ್ಲಿಯವರೆಗೆ ಎಮ್ಮೆಯನ್ನು ಒಳಗೆ ಕಟ್ಟುವುದು ಕ್ಷೇಮ.

11. ಮೊನ್ನೆ ಸಂಜೆ ನಡೆದದ್ದು.

ಮೇಲ್ಕಂಡ ನಿಯಮವನ್ನು ಸದರಿಯವರಿಗೆ ತಿಳಿಸಿದ ಕೆಲವೇ ದಿನಗಳಲ್ಲಿ, ಎಂದರೆ ಮೊನ್ನೆ ಸಂಜೆ, ಬೈರಿದೇವರಕೊಪ್ಪದಲ್ಲಿ ದಬದಬನೆ ಮಳೆ ಸುರಿದಿರುತ್ತದೆ. ಮೋಡ ಕವಿದದ್ದನ್ನು ನೋಡಿಯೇ ಸದರಿಯವರು ಪರಿವೀಕ್ಷಕರಿಗೆ ಫೋನ್ ಮಾಡಿ ಕರೆಸಿಕೊಂಡಿದ್ದು, ಶ್ರೀ ಅಮರೇಶ ಅವರು ಕೊಡೆ ಹಿಡಿದು ಗಟಾರದ ಅಂಚಿನಲ್ಲಿ ನಿಂತು ಈ ಕೆಳಗಿನಂತೆ ವರದಿ ಮಾಡಿರುತ್ತಾರೆ.

ದ್ರಾಕ್ಷಾಯಿಣಿ ಅವರು ತಾವೇ ಬ್ಯಾರಲ್ಲನ್ನು ಉರುಳಿಸಿ ಬೋರಲು ಹಾಕಿದ್ದಾರೆ. ಸ್ಟೂಲು ಹತ್ತಿ ದೋಣಿಯನ್ನು ಗಟಾರದ ಕಡೆಗೆ ತಿರುಗಿಸಿದ್ದಾರೆ. ಒಳಗೆ ಕೂಸು ಅಳುತ್ತಿದ್ದು, ಬಾಣಂತಿಯು ಬಾಗಿಲಲ್ಲಿ ನಿಂತು, "ಅವ್ವಾ, ಒಂದ ಕೊಡರ ಹಿಡಿಯ. ಯಾರ ನೋಡ್ತಾರ?" ಎಂದಿದ್ದಕ್ಕೆ, ಅವರು, "ಸುಮ್ಮನಿರ ಋತುಜಾ. ಇವತ್ತ ಒಂದ ಕೊಡಕ್ಕ ಆಸೆ ಬಿದ್ರ ವರ್ಷಪೂರ್ತಿ ನಳಾ ಹೋಗತೈತಿ" ಎಂದು ಗದರಿಸಿ, ಮಳೆ ನಿಲ್ಲುವವರೆಗೂ ಬೋರಲು ಬ್ಯಾರಲ್ಲಿನ ಪಕ್ಕದಲ್ಲಿ ನೆನೆಯುತ್ತ ನಿಂತಿದ್ದಾರೆ. ನೀರೆಲ್ಲ ಗಟಾರಕ್ಕೆ ಹರಿದಿದೆ. ಕೊನೆಗೆ ಅವರು ಪರಿವೀಕ್ಷಕರಿಗೆ, "ನೋಡಿದ್ರಲ್ರಿ ಸಾಹೇಬ್ರ, ಬೋರಲ ಹಾಕೇನಿ. ಒಂದ ಹನಿ ಹಿಡದಿಲ್ಲ. ಮನ್ಯಾಗ ಕೂಸಿಗೆ ಎರಿಯಾಕ ತಂಬಿಗಿ ನೀರಿಲ್ರಿ. ಈಗರ ಬರ್ಕೊಳ್ರಿ" ಎಂದು ಹೇಳಿಕೆ ನೀಡಿರುತ್ತಾರೆ.

ಹೇಳಿಕೆಯ ಮೊದಲನೆಯ ಭಾಗವನ್ನು ಅಂಗೀಕರಿಸಲಾಗಿದೆ. ಮನೆಯಲ್ಲಿ ನೀರಿಲ್ಲ ಎಂಬ ಎರಡನೆಯ ಭಾಗವು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ವರದಿಯ ಕೊನೆಗೆ ಶ್ರೀ ಅಮರೇಶ ಅವರು "ನನಗ ನಾಚಿಕಿ ಬಂತ್ರಿ" ಎಂದು ಬರೆದಿದ್ದು, ಅದಕ್ಕೆ ನಮೂನೆಯಲ್ಲಿ ಕಾಲಂ ಇರುವುದಿಲ್ಲ. ಇನ್ನು ಮುಂದೆ ಸಿಬ್ಬಂದಿಯು ನಾಚಿಕೆ ಪಡುವುದಿದ್ದಲ್ಲಿ ಕಚೇರಿ ವೇಳೆಯ ನಂತರ, ಸ್ವಂತ ಖರ್ಚಿನಲ್ಲಿ ಪಡತಕ್ಕದ್ದು ಎಂದು ಎಚ್ಚರಿಸಲಾಗಿದೆ.

12. ಗೋಡೆ ದಾಟಿದ ನೀರು.

ಇಲ್ಲಿಯವರೆಗೆ ಎಲ್ಲವೂ ನಿಯಮಾನುಸಾರ ನಡೆದಿದ್ದು, ನಳವನ್ನು ಮರಳಿ ನೀಡುವ ಆದೇಶಕ್ಕೆ ಸಹಿ ಮಾಡಲು ಪೆನ್ನನ್ನು ಸಹ ತೆಗೆಯಲಾಗಿತ್ತು. ಅಷ್ಟರಲ್ಲಿ ಒಂದು ಗಂಭೀರ ಲೋಪ ಗಮನಕ್ಕೆ ಬಂದಿರುತ್ತದೆ. ದಾವಲಬಿ ಅವರು ತಮ್ಮ ಅಂಗಳದಲ್ಲಿ ಅದೇ ಮಳೆಯ ನೀರನ್ನು ಬ್ಯಾರಲ್ಲು ತುಂಬ ಹಿಡಿದು, ಬಟ್ಟೆಯಲ್ಲಿ ಸೋಸಿ, ತಮ್ಮ ಒಲೆಯ ಮೇಲೆಯೇ ಕಾಯಿಸಿ, ಎರಡು ಕೊಡ ಬಿಸಿನೀರನ್ನು ಗೋಡೆಯ ಮೇಲಿನಿಂದ ಆಚೆ ದಾಟಿಸಿರುತ್ತಾರೆ. "ತಗೋ ಅಕ್ಕಾ, ಲಗೂ ಎರಿ, ಆರತೈತಿ" ಎಂದು ಹೇಳಿದ್ದನ್ನು ಪರಿವೀಕ್ಷಕರು ಕಿವಿಯಾರೆ ಕೇಳಿರುತ್ತಾರೆ. ಸದರಿ ನೀರನ್ನು ಕೂಸಿಗೆ ಎರೆಯಲಾಗಿದೆ. ಕೂಸು ಅಳು ನಿಲ್ಲಿಸಿ ಮಲಗಿದೆ ಎಂದು ವರದಿಯಲ್ಲಿದೆ. ಕೂಸಿನ ನಿದ್ರೆಯನ್ನು ಅಡಿಗೆರೆ ಎಳೆದು ವರದಿ ಮಾಡುವ ಅಗತ್ಯವಿರಲಿಲ್ಲ.

ಈ ಘಟನೆಯಿಂದ ಎರಡು ವಿಷಯಗಳು ಸಿದ್ಧವಾಗುತ್ತವೆ. ದ್ರಾಕ್ಷಾಯಿಣಿ ಅವರ ಕುಟುಂಬವು ಮಳೆನೀರನ್ನು ಹಿಡಿಯದಿದ್ದರೂ ಬಳಸಿದೆಯಾದ್ದರಿಂದ ಅವರ ಸ್ವಾವಲಂಬನೆ ಯಥಾಸ್ಥಿತಿಯಲ್ಲಿ ಮುಂದುವರಿಯುತ್ತದೆ, ನಳ ಸಿಗುವುದಿಲ್ಲ. ದಾವಲಬಿ ಅವರು ತಮಗೆ ಸಾಲುವಷ್ಟಲ್ಲದೆ ಪಕ್ಕದ ಮನೆಗೂ ಕೊಡುವಷ್ಟು ಮಳೆನೀರು ಹಿಡಿದಿರುವುದರಿಂದ ಅವರನ್ನು 'ವಿಶೇಷ ಜಲ ಸ್ವಾವಲಂಬಿ' ಎಂದು ಈ ಮೂಲಕ ಘೋಷಿಸಲಾಗಿದ್ದು, ಶಾಲು, ಫಲಕ ಹಾಗೂ ನಳ ಬಂದ್ ಎಂಬ ಮೂರೂ ಗೌರವಗಳಿಗೆ ಅವರು ಪಾತ್ರರಾಗಿರುತ್ತಾರೆ.

13. ದಾವಲಬಿ ಅವರ ಹೇಳಿಕೆ.

ನಿನ್ನೆ ಸದರಿಯವರಿಗೆ ಸನ್ಮಾನದ ನೋಟೀಸು ಜಾರಿ ಮಾಡಿ, ನೀರು ಕೊಡುವ ಮುನ್ನ ಶಾಖೆಯ ಅನುಮತಿ ಪಡೆಯದಿರುವುದಕ್ಕೆ ಕಾರಣ ಕೇಳಲಾಗಿದೆ. ತಪ್ಪಾಯಿತು ಎಂದು ಬರೆದುಕೊಟ್ಟಲ್ಲಿ ಅವರ ಮಟ್ಟಿಗಾದರೂ ನಳವನ್ನು ಉಳಿಸುವ ಬಗ್ಗೆ ಸಹಾನುಭೂತಿಯಿಂದ ಪರಿಶೀಲಿಸಲಾಗುವುದು ಎಂದೂ ತಿಳಿಸಲಾಗಿತ್ತು. ಸದರಿಯವರು ಬಾಗಿಲಲ್ಲಿಯೇ ನಿಂತು ಹೇಳಿದ್ದನ್ನು ಪರಿವೀಕ್ಷಕರು ಯಥಾವತ್ತಾಗಿ ದಾಖಲಿಸಿರುತ್ತಾರೆ:

"ತಪ್ಪಾತಂತ ಯಾಕ ಬರೀಲಿರಿ? ಕೂಸ ಅಳತಿತ್ತು, ನೀರ ಕೊಟ್ಟೆ. ನನ್ನ ಎರಡೂ ಮಕ್ಕಳ ಬಾಣಂತನದಾಗ ನನ್ನ ಬೆನ್ನಿಗೆ ನೀರ ಹಾಕಿದಾಕಿ ಆ ದ್ರಾಕ್ಷಾಯಿಣಕ್ಕರಿ. ಆಗ ನಿಮ್ಮ ಶಾಖಾ ಎಲ್ಲಿತ್ತು? ನಳಾ ಬಂದ್ ಮಾಡ್ತೀರೇನ, ಮಾಡ್ರಿ. ಎರದ ನೀರ ವಾಪಸ್ ತಗೊಳ್ಳಾಕ ಆಗತೈತೇನ್ರಿ ನಿಮಗ? ನಾಳೆನೂ ಕೊಡತೇನಿ. ಬರ್ಕೋ ತಮ್ಮಾ, ಬಿಡಬ್ಯಾಡ, ಪೂರ್ತಿ ಬರ್ಕೋ."

ಪೂರ್ತಿ ಬರೆದುಕೊಳ್ಳಲಾಗಿದೆ. ಎರೆದ ನೀರನ್ನು ವಾಪಸ್ ಪಡೆಯಲು ಪ್ರಸ್ತುತ ನಿಯಮಗಳಲ್ಲಿ ಅವಕಾಶ ಇಲ್ಲದಿರುವುದು ನಿಜವಾಗಿದ್ದು, ಈ ನ್ಯೂನತೆಯನ್ನು ಸರಿಪಡಿಸಲು ತಿದ್ದುಪಡಿ ಕರಡನ್ನು ಸಿದ್ಧಪಡಿಸಲಾಗುತ್ತಿದೆ.

14. ಆದೇಶ.

ಆದ್ದರಿಂದ ಎರಡೂ ಮನೆಗಳ ನಳಗಳನ್ನು ಬಂದ್ ಸ್ಥಿತಿಯಲ್ಲಿ ಇಡತಕ್ಕದ್ದು. ಎರಡೂ ಮನೆಗಳ ನಡುವಿನ ಗೋಡೆಯನ್ನು, ಕೊಡ ಹಿಡಿದ ಕೈ ನಿಲುಕದಷ್ಟು ಎತ್ತರಿಸಲು ಅಂದಾಜುಪಟ್ಟಿ ತಯಾರಿಸತಕ್ಕದ್ದು. ಅವಳಿ ನಗರದ ಇತರೆ ಓಣಿಗಳ ನಾಗರಿಕರು ಇದರಿಂದ ಪ್ರೇರಣೆ ಪಡೆದು ಹೆಚ್ಚು ಹೆಚ್ಚು ಸಂಖ್ಯೆಯಲ್ಲಿ ಮಳೆನೀರು ಸಂಗ್ರಹಿಸಲು ಮುಂದೆ ಬರಬೇಕೆಂದು ಕಳಕಳಿಯಿಂದ ಕೋರಲಾಗಿದೆ. ಸದರಿ ಓಣಿಯಲ್ಲಿ ನಿನ್ನೆಯಿಂದ ಎಲ್ಲ ಬ್ಯಾರಲ್ಲುಗಳೂ ಬೋರಲಾಗಿರುವುದು ಏಕೆಂದು ಶಾಖೆಗೆ ಅರ್ಥವಾಗಿರುವುದಿಲ್ಲ.

ಈ ಸುತ್ತೋಲೆಯನ್ನು ಓದಿ ಒದ್ದೆಯಾದವರು ಶಾಖೆಯನ್ನು ಹೊಣೆ ಮಾಡತಕ್ಕದ್ದಲ್ಲ.

(ಸಹಿ ಇದೆ, ಮಳೆಯಿಂದ ಕಲಸಿಹೋಗಿದೆ)
ಪ್ರಭಾರ ಅಧೀಕ್ಷಕರು,
ಮಳೆ ಮತ್ತು ತತ್ಸಂಬಂಧಿತ ನೀರಿನ ಶಾಖೆ,
ಹೆಚ್ಚುವರಿ ಪ್ರಭಾರ: ಬರ ಶಾಖೆ.

ಪ್ರತಿಗಳು, ತಲುಪಿದವರಿಗೆ:

1. ಬರ ಶಾಖೆಯ ಅಧೀಕ್ಷಕರಿಗೆ (ಇವರೇ ಅವರಾಗಿದ್ದು, ಪ್ರತಿಯನ್ನು ಬಲಗೈಯಿಂದ ಎಡಗೈಗೆ ಕೊಟ್ಟು ಸ್ವೀಕೃತಿ ಪಡೆಯಲಾಗಿದೆ).

2. ಧಾರವಾಡದ ಕಚೇರಿಗೆ, ಮೋಡದ ವಿವಾದದ ಕಡತದಲ್ಲಿ ಇರಿಸಲು.

3. ಶಾಲು ಸರಬರಾಜುದಾರರಿಗೆ, ಮಳೆಗಾಲದಲ್ಲಿ ಬೇಗ ಒಣಗುವ ಬಟ್ಟೆಯ ಮಾದರಿ ತೋರಿಸುವಂತೆ.

4. ಕ್ಷೇತ್ರ ಪರಿವೀಕ್ಷಕ ಶ್ರೀ ಅಮರೇಶ ಅವರಿಗೆ. ಇವರು ಎರಡು ದಿನದ ರಜೆ ಕೋರಿದ್ದು, ಕಾರಣದ ಜಾಗದಲ್ಲಿ ಮತ್ತೆ ಅದೇ ಮಾತನ್ನು ಬರೆದಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.

5. ಕಚೇರಿಯ ಸೂಚನಾ ಫಲಕಕ್ಕೆ. ಫಲಕದ ಮೇಲಿನ ಛಾವಣಿ ಸೋರುತ್ತಿರುವುದರಿಂದ ಕೆಳಗೆ ಬಕೆಟ್ ಇಡಲಾಗಿದೆ. ಅದು ಮಳೆನೀರು ಸಂಗ್ರಹವಲ್ಲ ಎಂದು ಸ್ಪಷ್ಟಪಡಿಸಲಾಗಿದೆ.

6. ಶ್ರೀಮತಿ ದಾವಲಬಿ ಹಾಗೂ ಶ್ರೀಮತಿ ದ್ರಾಕ್ಷಾಯಿಣಿ ಸಾಲಿಮಠ ಅವರಿಗೆ, ಜಂಟಿಯಾಗಿ ಒಂದೇ ಪ್ರತಿ. ಗೋಡೆಯ ಮೇಲಿನಿಂದ ದಾಟಿಸಿಕೊಂಡು ಓದುವುದು.

7. ವಾಲ್ವ್‌ಮನ್ ಅಹಮದಸಾಬ ಅವರಿಗೆ. ದ್ರಾಕ್ಷಾಯಿಣಿ ಅವರ ನಳವು ಈ ದಿನ ಬೆಳಿಗ್ಗೆ ಧೋ ಎಂದು ಹರಿಯುತ್ತಿದ್ದುದು ಕಂಡುಬಂದಿದ್ದು, ಅದನ್ನು ಬಂದ್ ಮಾಡಲು ಸೂಚಿಸಿದಾಗ ವಾಲ್ವ್ ತಿರುವುವ ಕೀಲಿಯೇ ಕಳೆದುಹೋಗಿದೆ ಎಂದು ಇವರು ತಿಳಿಸಿರುತ್ತಾರೆ. ದಾವಲಬಿ ಅವರ ನಳವನ್ನೂ ಅದೇ ಕಾರಣಕ್ಕೆ ಬಂದ್ ಮಾಡಲಾಗಿರುವುದಿಲ್ಲ. ತಕ್ಷಣವೇ ಕೀಲಿ ಹುಡುಕುವಂತೆ ಇವರಿಗೆ ಕಟ್ಟುನಿಟ್ಟಾಗಿ ಆದೇಶಿಸಲಾಗಿದೆ. ಕೂಸಿನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದ ಇವರು, "ಹುಡಕಾಕತ್ತೇನ್ರಿ ಸಾಹೇಬ್ರ" ಎಂದು ಉತ್ತರಿಸಿದ್ದನ್ನು ಕಡತದಲ್ಲಿ ಇರಿಸಲಾಗಿದೆ.